ವಿಟ್ಲ ವಿಧಾನಸಭಾ ಕ್ಷೇತ್ರ (1978–2008): ಗೆದ್ದವರ ಪಟ್ಟಿಯನ್ನು ಓದುವ ಬಗೆ

ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ‘ಕ್ಷೇತ್ರ ಪರಿಚಯ’ ಎಂಬ ಬರಹಗಳು ಬರುತ್ತವೆ. ಅವುಗಳ ಅಚ್ಚು ಬಹುಮಟ್ಟಿಗೆ ಒಂದೇ. ಮೊದಲು ಊರಿನ ದೇವಸ್ಥಾನ, ಮಸೀದಿ, ಬೆಳೆ. ಆಮೇಲೆ ಇದುವರೆಗೆ ಗೆದ್ದವರ ಪಟ್ಟಿ. ಕೊನೆಗೆ ಯಾವ ಜಾತಿಯ ಮತ ಎಷ್ಟು ಸಾವಿರ ಎಂಬ ಅಂದಾಜು. ಈ ಮೂರನ್ನು ಒಟ್ಟಿಗೆ ಇಟ್ಟರೆ ಕ್ಷೇತ್ರದ ಚರಿತ್ರೆ ಆಯಿತೆಂದು ಬರೆಯುವವರೂ ಓದುವವರೂ ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಬಗೆಯ ಬರವಣಿಗೆಯ ಮೇಲೆ ನನ್ನದೊಂದು ಆಕ್ಷೇಪವಿದೆ. ಅದನ್ನು ಹೇಳಲು ಈಗ ಅಸ್ತಿತ್ವದಲ್ಲಿಲ್ಲದ ಒಂದು ಕ್ಷೇತ್ರವನ್ನು ಆರಿಸಿಕೊಂಡಿದ್ದೇನೆ. ನಡೆಯುತ್ತಿರುವ ಕಾಯಿಲೆಗಿಂತ ಮುಗಿದ ಪ್ರಕರಣದ ಕೇಸ್ ಶೀಟನ್ನು ಓದಿದಾಗಲೇ ವೈದ್ಯನಿಗೆ ಹೆಚ್ಚು ತಿಳಿಯುತ್ತದೆ ಎಂಬುದು ನಮ್ಮ ವೃತ್ತಿಯವರ ಅನುಭವ. ಅಲ್ಲದೆ ಮಂಗಫ್, ಫಹಾಹೀಲ್ ಕಡೆ ಇರುವ ನಮ್ಮವರಲ್ಲಿ ವಿಟ್ಲ, ಕನ್ಯಾನ, ಅಡ್ಯನಡ್ಕ, ಪುಣಚ ಕಡೆಯವರು ಕಡಿಮೆಯಿಲ್ಲ. ಅವರಿಗೆ ಇದು ಮನೆಯ ಮಾತು.

ಮೊದಲು ಪಟ್ಟಿಯನ್ನೇ ಕೊಟ್ಟುಬಿಡುತ್ತೇನೆ, ಅದು ಚಿಕ್ಕದು. 1978ರಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷದ ಬಿ.ವಿ. ಕಕ್ಕಿಲ್ಲಾಯ. 1983ರಲ್ಲಿ ಬಿಜೆಪಿಯ ಎ. ರುಕ್ಮಯ ಪೂಜಾರಿ. 1985ರಲ್ಲಿ ಕಾಂಗ್ರೆಸ್ಸಿನ ಬಿ.ಎ. ಉಮರಬ್ಬ. 1989ರಲ್ಲಿ ಮತ್ತು 1994ರಲ್ಲಿ ಮತ್ತೆ ರುಕ್ಮಯ ಪೂಜಾರಿ. 1999ರಲ್ಲಿ ಕಾಂಗ್ರೆಸ್ಸಿನ ಕೆ.ಎಂ. ಇಬ್ರಾಹಿಂ. 2004ರಲ್ಲಿ ಬಿಜೆಪಿಯ ಕೆ. ಪದ್ಮನಾಭ ಕೊಟ್ಟಾರಿ. ಏಳು ಚುನಾವಣೆ, ಐದು ಮಂದಿ ಶಾಸಕರು, ಮೂರು ಪಕ್ಷಗಳು. 2008ರ ಪುನರ್ವಿಂಗಡಣೆಯಲ್ಲಿ ಕ್ಷೇತ್ರವೇ ಇಲ್ಲವಾಯಿತು.

ಈ ಪಟ್ಟಿಯಿಂದ ಸಾಮಾನ್ಯವಾಗಿ ಎರಡು ಕಥೆಗಳನ್ನು ಕಟ್ಟುತ್ತಾರೆ. ಒಂದು, ಕೆಂಪು ಕೋಟೆ ಕೇಸರಿ ಕೋಟೆಯಾದ ಕಥೆ. ಕಮ್ಯುನಿಸ್ಟರ ಕಾಲ ಮುಗಿಯಿತು, ಹಿಂದುತ್ವದ ಕಾಲ ಬಂತು, ನಡುವೆ ಕಾಂಗ್ರೆಸ್ ಎರಡು ಸಲ ಇಣುಕಿ ನೋಡಿತು ಎಂಬುದು ಇದರ ಸಾರ. ಇನ್ನೊಂದು ಜಾತಿ ಲೆಕ್ಕದ ಕಥೆ. ಬಿಲ್ಲವ ಅಭ್ಯರ್ಥಿ ನಿಂತರೆ ಬಿಲ್ಲವರ ಮತ, ಮುಸ್ಲಿಂ ಅಭ್ಯರ್ಥಿ ನಿಂತರೆ ಬ್ಯಾರಿಗಳ ಮತ, ಉಳಿದವರು ಆಚೆಗೋ ಈಚೆಗೋ; ಕೂಡಿಸಿ ಕಳೆದರೆ ಫಲಿತಾಂಶ. ಎರಡೂ ಕಥೆಗಳು ಕೇಳಲು ಸಲೀಸು. ಪರೀಕ್ಷೆಗೆ ಒಡ್ಡಿದರೆ ಎರಡೂ ನಿಲ್ಲುವುದಿಲ್ಲ.

ಕೆಂಪು ಕೋಟೆಯನ್ನು ಮೊದಲು ನೋಡೋಣ. ಒಂದು ಸಲ ಗೆದ್ದದ್ದನ್ನು ಕೋಟೆ ಎನ್ನಲಾಗದು. ಆದರೆ ಆ ಒಂದು ಗೆಲುವು ಸಣ್ಣದಲ್ಲ. 1978ರಲ್ಲಿ ದೇವರಾಜ ಅರಸರ ನೇತೃತ್ವದ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನ ಬಾಚಿಕೊಂಡಿತು. ಸಿಪಿಐಗೆ ಇಡೀ ರಾಜ್ಯದಲ್ಲಿ ಸಿಕ್ಕಿದ್ದು 3. ಅದರಲ್ಲಿ ಒಂದು ವಿಟ್ಲ. ಕಕ್ಕಿಲ್ಲಾಯರು ಕಾಸರಗೋಡು ಬಳಿಯ ಬೇವಿಂಜೆಯವರು. 1952ರಿಂದ 1954ರವರೆಗೆ ಮದರಾಸು ರಾಜ್ಯದಿಂದ ರಾಜ್ಯಸಭಾ ಸದಸ್ಯರು, ಕರ್ನಾಟಕ ಏಕೀಕರಣಕ್ಕೆ ದುಡಿದವರು, 1972ರಲ್ಲಿ ಪಕ್ಕದ ಬಂಟ್ವಾಳದಿಂದ ಗೆದ್ದು ವಿಧಾನಸಭೆಗೆ ಹೋದವರು. ಬ್ರಾಹ್ಮಣ ಮನೆತನದ ಈ ಮನುಷ್ಯನಿಗೆ ವಿಟ್ಲದಲ್ಲಿ ಮತ ಹಾಕಿದವರು ಯಾರು? ಜಾತಿ ಲೆಕ್ಕದವರು ಇಲ್ಲಿಯೇ ಮುಗ್ಗರಿಸಬೇಕು. ಅಲ್ಲಿನ ಬ್ರಾಹ್ಮಣ ಮತಗಳಿಂದ ಮಾತ್ರ ಯಾರೂ ಗೆಲ್ಲಲು ಸಾಧ್ಯವಿರಲಿಲ್ಲ. ಭೂಮಿ ಇದ್ದ ಬ್ರಾಹ್ಮಣರು ಅವರ ಪಕ್ಷಕ್ಕೆ ಮತ ಹಾಕಲು ಕಾರಣವೂ ಇರಲಿಲ್ಲ.

ಉತ್ತರ ಇರುವುದು ಗೇಣಿಯಲ್ಲಿ. ದಕ್ಷಿಣ ಕನ್ನಡದ ಜಮೀನು ಸಂಬಂಧ ಬಯಲುಸೀಮೆಯವರಿಗೆ ಅಷ್ಟು ಪರಿಚಿತವಲ್ಲವಾದ್ದರಿಂದ ಎರಡು ಮಾತು ಹೇಳಬೇಕು. ಇಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆ. ಮೂಲಗೇಣಿಯವನಿಗೆ ಗೇಣಿ ನಿಗದಿಯಾಗಿರುತ್ತಿತ್ತು, ಹಕ್ಕು ವಂಶಪಾರಂಪರ್ಯ. ಚಾಲಗೇಣಿಯವನು ಧನಿಯ ಮರ್ಜಿಯಲ್ಲಿ ಇದ್ದವನು. ಅವನನ್ನು ಎಬ್ಬಿಸಬಹುದಿತ್ತು, ಗೇಣಿ ಏರಿಸಬಹುದಿತ್ತು. ಕೊಯ್ಲು ಮುಗಿದ ಮೇಲೆ ಗೇಣಿ ಅಕ್ಕಿಯನ್ನು ಮುಡಿ ಕಟ್ಟಿ ಧನಿಯ ಮನೆಗೆ ತಲಪಿಸುವುದು, ಹಬ್ಬಕ್ಕೆ ಕಾಣಿಕೆ ಒಯ್ಯುವುದು, ಅಂಗಳದ ಹೊರಗೆ ನಿಲ್ಲುವುದು, ಇವೆಲ್ಲ ನನ್ನ ಬಾಲ್ಯದಲ್ಲಿಯೂ ಕಣ್ಣಿಗೆ ಬೀಳುತ್ತಿದ್ದ ಸಂಗತಿಗಳೇ. ಬಿಲ್ಲವ, ಬಂಟ, ಗೌಡ, ಮರಾಟಿ, ಬ್ಯಾರಿ, ಕ್ರಿಶ್ಚಿಯನ್, ಎಲ್ಲರಲ್ಲಿಯೂ ಒಕ್ಕಲುಗಳಿದ್ದರು. ಧನಿಗಳಲ್ಲಿ ಬ್ರಾಹ್ಮಣರು, ಜೈನರು, ಬಂಟರು ಮಾತ್ರವಲ್ಲ, ದೇವಸ್ಥಾನಗಳೂ ಇದ್ದವು.

ಕರ್ನಾಟಕ ಭೂಸುಧಾರಣಾ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಜಮೀನು ಸರಕಾರದಲ್ಲಿ ನಿಹಿತವಾಯಿತು. ಒಕ್ಕಲು 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಎದುರು ತನ್ನ ಸ್ವಾಧೀನ ತೋರಿಸಬೇಕು. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ಡಿಕ್ಲರೇಶನ್ ಕೊಟ್ಟವನು ಧನಿಗೆ ದ್ರೋಹಿ, ಕೊಡದವನು ಮಕ್ಕಳಿಗೆ ದ್ರೋಹಿ ಎಂಬಂತಹ ಕಾಲ. ಅರ್ಜಿಯ ಅವಧಿ ವಿಸ್ತರಣೆಯಾಗುತ್ತ 1979ರ ಜೂನ್ 30ರವರೆಗೆ ಹೋಯಿತು. ಅಂದರೆ 1978ರ ಫೆಬ್ರವರಿಯಲ್ಲಿ ವಿಟ್ಲದ ಜನ ಮತಗಟ್ಟೆಗೆ ಹೋದಾಗ ಎಷ್ಟೋ ಮನೆಗಳ ಅರ್ಜಿ ಇತ್ಯರ್ಥವಾಗಿರಲಿಲ್ಲ, ಎಷ್ಟೋ ಮನೆಗಳಲ್ಲಿ ಅರ್ಜಿ ಬರೆಯುವುದೇ ಬಾಕಿಯಿತ್ತು. ಅರ್ಜಿ ಬರೆದುಕೊಡುವವರು, ಮಂಡಳಿಯ ಎದುರು ಸಾಕ್ಷಿ ಹೇಳುವವರು, ಧನಿ ಎಬ್ಬಿಸಲು ಬಂದರೆ ಹತ್ತು ಮಂದಿಯನ್ನು ಸೇರಿಸುವವರು ಬೇಕಾಗಿದ್ದ ಕಾಲವದು. ಆ ಕೆಲಸಕ್ಕೆ ಕಿಸಾನ್ ಸಭೆಯವರಿದ್ದರು. ಬೀಡಿ ಬ್ರಾಂಚುಗಳ ಎದುರು ಮಜೂರಿಯ ಲೆಕ್ಕ ಕೇಳಲು ಬೀಡಿ ಕಾರ್ಮಿಕರ ಸಂಘದವರಿದ್ದರು. ಕಕ್ಕಿಲ್ಲಾಯರಿಗೆ ಬಿದ್ದ ಮತದಲ್ಲಿ ಸಿದ್ಧಾಂತವೂ ಇದ್ದೀತು. ಅದಕ್ಕಿಂತ ಹೆಚ್ಚಾಗಿ ಅದರಲ್ಲಿ ಇತ್ಯರ್ಥವಾಗದ ಒಂದು ಅರ್ಜಿ ಇತ್ತು ಎಂದು ನನಗನ್ನಿಸುತ್ತದೆ.

ಐದು ವರ್ಷಗಳಲ್ಲಿ ಆ ಅರ್ಜಿ ಇತ್ಯರ್ಥವಾಯಿತು. ಜಮೀನು ಕೈಗೆ ಬಂದ ಒಕ್ಕಲು ಗದ್ದೆಯಲ್ಲಿ ಅಡಿಕೆ ನೆಟ್ಟ. ನೆಡಲು ಅವನಿಗೆ ಕಾರಣವಿತ್ತು. ವಿಟ್ಲದಲ್ಲಿ 1956ರಿಂದಲೇ ಅಡಿಕೆ ಸಂಶೋಧನಾ ಕೇಂದ್ರವಿತ್ತು, ಅದು ಮುಂದೆ ಸಿಪಿಸಿಆರ್‌ಐ ಆಡಳಿತಕ್ಕೆ ಬಂತು. ಎಪ್ಪತ್ತರ ದಶಕದ ಆರಂಭದ ಧಾರಣೆ ಕುಸಿತದ ಬೆನ್ನಿಗೆ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದರ ಸ್ಥಾಪಕ ಅಧ್ಯಕ್ಷರು ಇದೇ ಕ್ಷೇತ್ರದ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು. ನಿನ್ನೆಯ ಧನಿ, ನಿನ್ನೆಯ ಒಕ್ಕಲು ಇಬ್ಬರೂ ಒಂದೇ ಕ್ಯಾಂಪ್ಕೊ ಶಾಖೆಯ ಎದುರು ಅಡಿಕೆ ಗೋಣಿ ಇಟ್ಟುಕೊಂಡು ಸರದಿಯಲ್ಲಿ ನಿಂತರು. ಇಬ್ಬರಿಗೂ ಬೇಕಾದದ್ದು ಒಳ್ಳೆಯ ಧಾರಣೆ, ಸಹಕಾರಿ ಸಂಘದ ಸಾಲ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಆಳು. ಗೇಣಿದಾರ ಎಂಬ ಗುರುತು ಕಾನೂನಿನಿಂದಲೂ ಮನಸ್ಸಿನಿಂದಲೂ ಹೋದ ಮೇಲೆ ಗೇಣಿದಾರರ ಪಕ್ಷಕ್ಕೆ ಹಿಂದಿನ ಹಿಡಿತ ಉಳಿಯಲಿಲ್ಲ. ಕೂಲಿಯಾಳಿಗೆ, ಅದರಲ್ಲಿಯೂ ದಲಿತರಿಗೆ, ಭೂಸುಧಾರಣೆಯಲ್ಲಿ ಗದ್ದೆ ಸಿಕ್ಕಲಿಲ್ಲ. ಗೇಣಿ ಚೀಟಿಯೂ ಸ್ವಾಧೀನವೂ ಇಲ್ಲದವನಿಗೆ ಆ ಕಾಯ್ದೆಯಲ್ಲಿ ಹೆಚ್ಚೆಂದರೆ ಮನೆಯಡಿಯ ನೆಲ. ಅವರ ಪ್ರಶ್ನೆಯನ್ನು ಆಮೇಲೆ ಯಾವ ಪಕ್ಷವೂ ವಿಟ್ಲದ ಚುನಾವಣೆಯ ನಡುಮಧ್ಯೆ ತರಲಿಲ್ಲ. ಕ್ಷೇತ್ರ ಪರಿಚಯ ಬರೆಯುವವರೂ ತರಲಿಲ್ಲ.

ಕೆಂಪು ಹೋಗಿ ಕೇಸರಿ ಬಂತು ಎಂಬ ಒಂದು ಗೆರೆಯ ಕಥೆಯಲ್ಲಿ ಇಷ್ಟೆಲ್ಲ ಅಡಗಿಹೋಗುತ್ತದೆ. ಮತದಾರ ಬಣ್ಣ ಬದಲಿಸಿದ ಎನ್ನುವುದಕ್ಕಿಂತ ಮತದಾರನ ಆರ್ಥಿಕ ಸ್ಥಿತಿಯೇ ಬದಲಾಗಿತ್ತು ಎನ್ನುವುದು ಹೆಚ್ಚು ಸರಿ. 1983ರಲ್ಲಿ ಬಿಜೆಪಿ ರಾಜ್ಯದಲ್ಲಿ 18 ಸ್ಥಾನ ಗೆದ್ದಾಗ ಅದರಲ್ಲಿ ವಿಟ್ಲವೂ ಇತ್ತು, ಪಕ್ಕದ ಪುತ್ತೂರೂ ಇತ್ತು. ಪುತ್ತೂರಿನಲ್ಲಿ ಗೆದ್ದವರು ಹಳೆಯ ಜನಸಂಘದ ಉರಿಮಜಲು ಕೆ. ರಾಮ ಭಟ್. ವಿಟ್ಲದಲ್ಲಿ ಪಕ್ಷ ನಿಲ್ಲಿಸಿದ್ದು ಬಿಲ್ಲವ ಸಮುದಾಯದ ರುಕ್ಮಯ ಪೂಜಾರಿಯವರನ್ನು. ಭೂಸುಧಾರಣೆಯ ಬಹುದೊಡ್ಡ ಫಲಾನುಭವಿಗಳಲ್ಲಿ ಬಿಲ್ಲವರೂ ಇದ್ದರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹಾಗಾದರೆ ಜಾತಿ ಲೆಕ್ಕ ಸರಿಯೇ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. 1989ರ ನವೆಂಬರ್ ಅದಕ್ಕೆ ಉತ್ತರ. ಆ ಸಲ ಲೋಕಸಭೆಗೂ ವಿಧಾನಸಭೆಗೂ ಚುನಾವಣೆ ಒಟ್ಟಿಗೆ ನಡೆಯಿತು. ವಿಟ್ಲ ಸೇರಿದ್ದ ಮಂಗಳೂರು ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸಿನ ಬಿ. ಜನಾರ್ದನ ಪೂಜಾರಿಯವರನ್ನು ನಾಲ್ಕನೆಯ ಬಾರಿ ಗೆಲ್ಲಿಸಿತು. ಸಾಲಮೇಳದ ಪೂಜಾರಿ, ಅವರೂ ಬಿಲ್ಲವರೇ. ವಿಟ್ಲ ವಿಧಾನಸಭಾ ಕ್ಷೇತ್ರ ಗೆಲ್ಲಿಸಿದ್ದು ಬಿಜೆಪಿಯ ಪೂಜಾರಿಯವರನ್ನು. ಒಂದೇ ಸಮುದಾಯದ ಇಬ್ಬರು ನಾಯಕರು, ಎದುರುಬದುರು ಪಕ್ಷಗಳು, ಒಂದೇ ಚುನಾವಣೆ, ಇಬ್ಬರಿಗೂ ಗೆಲುವು. ಜಾತಿಯಿಂದ ಮತ ಹುಟ್ಟುತ್ತದೆ ಎನ್ನುವವರು ಆ ಮತ ಯಾವ ಪಕ್ಷಕ್ಕೆ ಹೋಗುತ್ತದೆ ಎಂಬುದನ್ನು ಜಾತಿಯಿಂದಲೇ ಹೇಳಲಾರರು. ರೋಗಿಯ ವಯಸ್ಸು ಕೇಳಿಕೊಂಡು ಕಾಯಿಲೆ ಹೇಳಿದ ಹಾಗಾಗುತ್ತದೆ. ವಯಸ್ಸು ಬೇಕು, ಆದರೆ ಅಷ್ಟೇ ಸಾಲದು.

ಇನ್ನೊಂದು ಸಂಗತಿಯನ್ನು ಯಾವ ಕ್ಷೇತ್ರ ಪರಿಚಯದಲ್ಲಿಯೂ ನಾನು ಕಂಡದ್ದಿಲ್ಲ. ವಿಟ್ಲದ ಪಟ್ಟಿಯ ಪಕ್ಕದಲ್ಲಿ ರಾಜ್ಯದ ಫಲಿತಾಂಶ ಇಟ್ಟು ನೋಡಿ. 1978ರಲ್ಲಿ ಇಂದಿರಾ ಕಾಂಗ್ರೆಸ್ ಸರಕಾರ, ವಿಟ್ಲ ಸಿಪಿಐ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರಕಾರ, ಬಿಜೆಪಿ ಹೊರಗಿನಿಂದ ಬೆಂಬಲ ಕೊಟ್ಟ ಪಕ್ಷ. 1985ರಲ್ಲಿ ಜನತಾ ಪಕ್ಷಕ್ಕೆ ಭಾರೀ ಬಹುಮತ, ವಿಟ್ಲ ಕಾಂಗ್ರೆಸ್. 1989ರಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದ ವರ್ಷ, ಬಿಜೆಪಿಗೆ ರಾಜ್ಯದಲ್ಲಿ ಬರೇ 4, ಆ ನಾಲ್ಕರಲ್ಲಿ ವಿಟ್ಲ ಒಂದು. 1994ರಲ್ಲಿ ದೇವೇಗೌಡರ ಜನತಾದಳಕ್ಕೆ 115, ವಿಟ್ಲ ಬಿಜೆಪಿ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರಕಾರ, ವಿಟ್ಲ ಕಾಂಗ್ರೆಸ್. 2004ರಲ್ಲಿ ಬಿಜೆಪಿ 79 ಸ್ಥಾನಗಳೊಂದಿಗೆ ಮೊದಲಿದ್ದರೂ ಸರಕಾರ ಮಾಡಿದ್ದು ಕಾಂಗ್ರೆಸ್ ಮತ್ತು ಜನತಾದಳ. 2006ರ ಫೆಬ್ರವರಿಯಲ್ಲಿ ಕುಮಾರಸ್ವಾಮಿ–ಯಡಿಯೂರಪ್ಪ ಸರಕಾರ ಬಂದಾಗ ಮಾತ್ರ ಕೊಟ್ಟಾರಿಯವರು ಆಡಳಿತದ ಸಾಲಿಗೆ ಬಂದರು, ಅದೂ ಒಂದೂಮುಕ್ಕಾಲು ವರ್ಷಕ್ಕೆ.

ಮೂವತ್ತು ವರ್ಷಗಳಲ್ಲಿ ಚುನಾವಣೆಯ ಮರುದಿನವೇ ಆಡಳಿತ ಪಕ್ಷದ ಶಾಸಕ ಇದ್ದದ್ದು ಒಂದೇ ಒಂದು ಸಲ. ಗಾಳಿ ಬೀಸಿದ ಕಡೆಗೆ ತೂರಿಕೊಳ್ಳದ ಈ ಕ್ಷೇತ್ರದ ಸ್ವಭಾವವನ್ನು ಹೊಗಳಬೇಕೆಂದು ನನಗೆ ಅನಿಸುವುದಿಲ್ಲ. ಅದಕ್ಕೆ ವಿಟ್ಲ ಬೆಲೆ ತೆತ್ತಿದೆ. ತಾಲೂಕು ಆಗಬೇಕೆಂಬ ಬೇಡಿಕೆ ಹಳೆಯದು. ಮೂಡುಬಿದಿರೆ, ಕಡಬ, ಉಳ್ಳಾಲ, ಮೂಲ್ಕಿ ತಾಲೂಕುಗಳಾದವು. ವಿಟ್ಲ ಪಟ್ಟಣ ಪಂಚಾಯತ್ ಆಗಿದೆ, ತಾಲೂಕು ಆಗಿಲ್ಲ. ಆಡಳಿತ ಪಕ್ಷದವರಲ್ಲದ ಶಾಸಕರೇ ಇದಕ್ಕೆ ಏಕಮಾತ್ರ ಕಾರಣ ಎಂದು ನಾನು ಹೇಳುತ್ತಿಲ್ಲ, ಆದರೆ ಕಾರಣಗಳಲ್ಲಿ ಅದೂ ಸೇರಬೇಕು.

ಜಾತಿ ಲೆಕ್ಕವನ್ನು ಸರಿಯಾಗಿ ಪರೀಕ್ಷಿಸಬೇಕಾದರೆ ಸಾರಡ್ಕ ದಾಟಬೇಕು. ಅಡ್ಯನಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸಾರಡ್ಕದ ಚೆಕ್‌ಪೋಸ್ಟ್. ಇಲ್ಲಿಯವರೆಗೆ ಕರ್ನಾಟಕ, ಆಚೆ ಕೇರಳದ ಎಣ್ಮಕಜೆ. 1956ರ ನವೆಂಬರ್ 1ರವರೆಗೆ ಇದೊಂದೇ ಜಿಲ್ಲೆ, ಮದರಾಸಿನ ದಕ್ಷಿಣ ಕನ್ನಡ. ಆಚೆಯೂ ತುಳು, ಬ್ಯಾರಿ, ಹವ್ಯಕ ಕನ್ನಡ, ಮರಾಟಿ, ಕೊಂಕಣಿ. ಆಚೆಯೂ ಅಡಿಕೆ, ಕೋಳಿಅಂಕ, ಯಕ್ಷಗಾನ, ಭೂತದ ಕೋಲ, ಉರೂಸ್. ಮದುವೆ ಸಂಬಂಧಗಳು ಗಡಿ ನೋಡುವುದಿಲ್ಲ. ವೈದ್ಯಕೀಯ ಅಧ್ಯಯನಗಳಲ್ಲಿ ಒಂದು ಗುಂಪಿಗೆ ಔಷಧ ಕೊಟ್ಟು ಅಂಥದೇ ಇನ್ನೊಂದು ಗುಂಪಿಗೆ ಕೊಡದೆ ಹೋಲಿಸುತ್ತೇವೆ. ರಾಜ್ಯ ಪುನರ್ವಿಂಗಡಣೆ ನಮಗೆ ಅಂಥದೊಂದು ಹೋಲಿಕೆಯನ್ನು ತಾನಾಗಿಯೇ ಒದಗಿಸಿಕೊಟ್ಟಿದೆ. ಇದನ್ನು ಯಾಕೆ ಯಾರೂ ಬಳಸಿಕೊಂಡಿಲ್ಲವೋ.

ಆಚೆಯ ಕ್ಷೇತ್ರ ಮಂಜೇಶ್ವರ. 1957ರ ಕೇರಳದ ಮೊದಲ ಚುನಾವಣೆಯಲ್ಲಿ ಅಲ್ಲಿಂದ ಪಕ್ಷೇತರರಾಗಿ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿಯೂ 1967ರಲ್ಲಿಯೂ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ. 1967ರಲ್ಲಿ ಪಕ್ಕದ ಕಾಸರಗೋಡಿನಿಂದಲೂ ಸಮಿತಿಯ ಯು.ಪಿ. ಕುಣಿಕುಳ್ಳಾಯರು ಗೆದ್ದರು. ಅದೇ ವರ್ಷ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ವರದಿ ಕೊಟ್ಟಿತು. ವರದಿ ಜಾರಿಯಾಗಲಿಲ್ಲ. 1970ರಲ್ಲಿ ಮಂಜೇಶ್ವರದವರು ಸಿಪಿಐಯ ಎಂ. ರಾಮಪ್ಪರನ್ನು ಆರಿಸಿದರು, 1977ರಲ್ಲಿ ಮತ್ತೆ ಅವರನ್ನೇ. 1980 ಮತ್ತು 1982ರಲ್ಲಿ ಸಿಪಿಐಯ ಡಾ. ಎ. ಸುಬ್ಬರಾವ್, ಅವರು ನಾಯನಾರ್ ಮಂತ್ರಿಮಂಡಲದಲ್ಲಿ ನೀರಾವರಿ ಸಚಿವರೂ ಆಗಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. 1978ರಿಂದ 1983ರವರೆಗೆ ಸಾರಡ್ಕದ ಈಚೆಗೂ ಆಚೆಗೂ ಒಂದೇ ಪಕ್ಷದ ಶಾಸಕರು, ಸಿಪಿಐ. ಎರಡು ರಾಜ್ಯ, ಎರಡು ವಿಧಾನಸಭೆ, ಎರಡು ಭೂಸುಧಾರಣಾ ಕಾಯ್ದೆ, ಆದರೆ ಒಂದೇ ಪಟ್ಟಿಯಂತೆ ಹಬ್ಬಿದ್ದ ಒಂದು ರಾಜಕೀಯ. ಇಪ್ಪತ್ತೆರಡು ವರ್ಷಗಳ ರಾಜ್ಯಗಡಿ ಅದನ್ನು ತುಂಡರಿಸಿರಲಿಲ್ಲ. ಆಮೇಲಿನ ಹತ್ತು ವರ್ಷಗಳಲ್ಲಿ ತುಂಡಾಯಿತು. ವಿಟ್ಲದಲ್ಲಿ ಬಿಜೆಪಿ ಮತ್ತು ಕಾಂಗ್ರೆಸ್ ಎದುರಾಳಿಗಳಾದವು. ಮಂಜೇಶ್ವರದಲ್ಲಿ 1987ರಿಂದ ನಾಲ್ಕು ಸಲ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಗೆದ್ದರು. 1991ರಲ್ಲಿ ಅವರೆದುರು ಬಿಜೆಪಿಯ ಕೆ.ಜಿ. ಮಾರಾರ್ ಅಲ್ಪ ಅಂತರದಲ್ಲಿ ಸೋತರು. 2006ರಲ್ಲಿ ಒಮ್ಮೆ ಸಿಪಿಎಂನ ಸಿ.ಎಚ್. ಕುಂಞಂಬು ಗೆದ್ದದ್ದು ಬಿಟ್ಟರೆ 2021ರವರೆಗೆ ಪ್ರತಿ ಸಲವೂ ಲೀಗ್. ಬಿಜೆಪಿ ಆಚೆ ಇಷ್ಟು ವರ್ಷ ಗೆಲುವಿನ ಬಾಗಿಲಲ್ಲಿಯೇ ನಿಂತಿತು, ಈಚೆ ಏಳರಲ್ಲಿ ನಾಲ್ಕು ಸಲ ಗೆದ್ದಿತು.

ಮಂಜೇಶ್ವರದಲ್ಲಿ ಮುಸ್ಲಿಂ ಮತದಾರರ ಪಾಲು ದೊಡ್ಡದು, ಅದಕ್ಕೇ ಹೀಗೆ ಎಂಬ ಸುಲಭದ ಉತ್ತರ ಸಿದ್ಧವಾಗಿದೆ. ಪಾಲು ದೊಡ್ಡದು ನಿಜ. ಆದರೆ 1970ರಿಂದ 1987ರವರೆಗೆ ರಾಮಪ್ಪ, ಸುಬ್ಬರಾವ್ ಅವರನ್ನು ಗೆಲ್ಲಿಸಿದ್ದೂ ಅದೇ ಮತದಾರರು. ಒಂದೆರಡು ಚುನಾವಣೆಗಳೊಳಗೆ ಜನಸಂಖ್ಯೆಯ ಪಾಲು ಅಷ್ಟು ಬದಲಾಗುವುದಿಲ್ಲ. ಬದಲಾದದ್ದು ಎದುರಾಳಿ. ಬಿಜೆಪಿ ಎರಡೂ ಕಡೆ ಬೆಳೆಯಿತು. ಕೇರಳದಲ್ಲಿ ಅದಕ್ಕೆ ಎದುರಾಗಿ ನಿಲ್ಲಲು ಎರಡು ಗಟ್ಟಿ ರಂಗಗಳಿದ್ದವು, ಸಂಯುಕ್ತ ರಂಗದ ಸೀಟು ಹಂಚಿಕೆಯಲ್ಲಿ ಮಂಜೇಶ್ವರ ಲೀಗಿಗೆ ಹೋಗಿತ್ತು. ಬಿಜೆಪಿ ಬೇಡವೆನ್ನುವವರು ಗೆಲ್ಲಬಲ್ಲವನ ಸುತ್ತ ಸೇರಿದರು. ಕರ್ನಾಟಕದಲ್ಲಿ ಲೀಗ್ ಅಂಥ ಪಕ್ಷವಾಗಿರಲಿಲ್ಲ, ಕಮ್ಯುನಿಸ್ಟರು ಕರಗಿದ ಮೇಲೆ ಉಳಿದದ್ದು ಕಾಂಗ್ರೆಸ್ ಒಂದೇ. ಉಮರಬ್ಬ, ಇಬ್ರಾಹಿಂ ಇಬ್ಬರೂ ಗೆದ್ದದ್ದು ಕಾಂಗ್ರೆಸ್ಸಿನಿಂದ. ಮುಸ್ಲಿಮೇತರರ ಮತ ಸಾಕಷ್ಟು ಬೀಳದೆ ಅವರು ಗೆಲ್ಲುವಂತಿರಲಿಲ್ಲ. ಅಂದರೆ ಒಂದೇ ಬಗೆಯ ಜನ ಎರಡು ಬೇರೆ ಪಕ್ಷ ವ್ಯವಸ್ಥೆಗಳ ಒಳಗೆ ಎರಡು ಬೇರೆ ಚರಿತ್ರೆಗಳನ್ನು ಮಾಡಿದರು. ಜಾತಿ, ಮತದ ಅಂಕಿಗಳನ್ನು ಮಾತ್ರ ಹಿಡಿದುಕೊಂಡವನಿಗೆ ಇದು ಕಾಣುವುದೇ ಇಲ್ಲ.

ಮಂಗಫ್‌ನಲ್ಲಿ ಒಂದೇ ಕೊಠಡಿಯಲ್ಲಿ ಪೆರ್ಲದವನೂ ಅಡ್ಯನಡ್ಕದವನೂ ಇರುವುದು ವಿಶೇಷವೇನಲ್ಲ. ಊರಲ್ಲಿ ಒಂದೇ ಜಾತ್ರೆಗೆ ಹೋಗುತ್ತಿದ್ದವರು. ಒಬ್ಬ ನಾಯನಾರ್, ಕರುಣಾಕರನ್, ಅಚ್ಯುತಾನಂದನ್ ಎನ್ನುತ್ತಾನೆ, ಇನ್ನೊಬ್ಬ ಬಂಗಾರಪ್ಪ, ಪೂಜಾರಿ, ಯಡಿಯೂರಪ್ಪ ಎನ್ನುತ್ತಾನೆ. ವಾದ ನಡೆಯುವುದು ಮಾತ್ರ ತುಳುವಿನಲ್ಲಿ.

ಕೊಲ್ಲಿಯ ಮಾತು ಬಂದದ್ದರಿಂದ ನಮಗೆ ನೇರವಾಗಿ ಸಂಬಂಧಿಸಿದ, ಕ್ಷೇತ್ರ ಪರಿಚಯಗಳು ಪೂರ್ತಿ ಮರೆತ ವಿಷಯಕ್ಕೆ ಬರುತ್ತೇನೆ. ವಿಟ್ಲ ಕ್ಷೇತ್ರದ ಮೂವತ್ತು ವರ್ಷ ಮತ್ತು ನಮ್ಮ ಜನ ಕೊಲ್ಲಿಗೆ ಬಂದ ಮೂವತ್ತು ವರ್ಷ ಹೆಚ್ಚುಕಡಿಮೆ ಒಂದೇ. ಕ್ಷೇತ್ರ ಹುಟ್ಟಿದಾಗ ಮುಂಬಯಿಯಲ್ಲಿ ಏಜೆಂಟನ ಬಾಗಿಲು ಕಾದು ವಿಮಾನ ಹತ್ತುತ್ತಿದ್ದರು, ಕ್ಷೇತ್ರ ಮುಗಿಯುವಾಗ ಮಂಗಳೂರಿನಿಂದಲೇ ನೇರ ವಿಮಾನವಿತ್ತು. ಮತದಾರರ ಪಟ್ಟಿಯ ನಿಯಮ ಏನು? 1950ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಕ್ಷೇತ್ರದಲ್ಲಿ ‘ಸಾಮಾನ್ಯವಾಗಿ ವಾಸಿಸುವವನು’ ಮಾತ್ರ ಪಟ್ಟಿಯಲ್ಲಿ ಇರಬಹುದು. ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ರಜೆಯಲ್ಲಿ ಬರುವವನು ಆ ಮಾತಿಗೆ ಹೊಂದುವುದಿಲ್ಲ. ಹೆಸರು ಉಳಿದಿದ್ದರೆ ಅದು ಯಾರೂ ತೆಗೆಸದೆ ಉಳಿದದ್ದು, ಹಕ್ಕಿನಿಂದ ಉಳಿದದ್ದಲ್ಲ.

ಅನಿವಾಸಿ ಭಾರತೀಯರಿಗೆ ಪಾಸ್‌ಪೋರ್ಟಿನ ವಿಳಾಸದ ಕ್ಷೇತ್ರದಲ್ಲಿ ಮತದಾರನಾಗುವ ಹಕ್ಕು ಸಿಕ್ಕಿದ್ದು 2010ರ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 2011ರ ಫೆಬ್ರವರಿಯಲ್ಲಿ. ಆಗಲೇ ವಿಟ್ಲ ಕ್ಷೇತ್ರ ಇಲ್ಲವಾಗಿ ಮೂರು ವರ್ಷ. ಅಂದರೆ ಕುವೈತಿನಲ್ಲೋ ದುಬಾಯಿಯಲ್ಲೋ ದುಡಿದ ಒಬ್ಬನೇ ಒಬ್ಬ ವಿಟ್ಲದವನಿಗೂ ಅನಿವಾಸಿ ಮತದಾರನಾಗಿ ವಿಟ್ಲದಲ್ಲಿ ಮತ ಹಾಕುವ ಅವಕಾಶ ಎಂದೂ ಇರಲಿಲ್ಲ. ಏಳು ಚುನಾವಣೆಗಳ ಫಲಿತಾಂಶವನ್ನೂ ನಿರ್ಧರಿಸಿದ್ದು ಊರಲ್ಲಿ ಉಳಿದವರು. ಇಪ್ಪತ್ತರಿಂದ ಐವತ್ತರ ನಡುವಿನ ಗಂಡಸರು ದೊಡ್ಡ ಸಂಖ್ಯೆಯಲ್ಲಿ ಹೊರಗಿದ್ದ ಮನೆಗಳಲ್ಲಿ ಮತ ಹಾಕಿದವರು ಹೆಂಗಸರು, ಮುದುಕರು. ಆ ಹೆಂಗಸರ ಮತವನ್ನು ಯಾರೂ ಬೇರೆಯಾಗಿ ಓದಲಿಲ್ಲ. ಏಳು ಚುನಾವಣೆಗಳಲ್ಲಿ ಒಬ್ಬ ಮಹಿಳೆಯೂ ವಿಟ್ಲದಿಂದ ಶಾಸಕಿಯಾಗಲಿಲ್ಲ. ಪುತ್ತೂರಿಗೆ ಸೇರಿದ ಮೇಲಷ್ಟೇ ವಿಟ್ಲ ಪೇಟೆಗೆ ಮಹಿಳಾ ಶಾಸಕರು ಸಿಕ್ಕಿದರು, 2008ರಲ್ಲಿ ಬಿಜೆಪಿಯ ಮಲ್ಲಿಕಾ ಪ್ರಸಾದ್, 2013ರಲ್ಲಿ ಕಾಂಗ್ರೆಸ್ಸಿನ ಶಕುಂತಳಾ ಶೆಟ್ಟಿ.

ಹೊಸ ಹಕ್ಕು ಬಂದ ಮೇಲೂ ಮತ ಹಾಕಲು ಊರಿಗೇ ಹೋಗಬೇಕು. ಅದರ ಬೆಲೆ ಎಷ್ಟೆಂದು ಮಂಜೇಶ್ವರದವರನ್ನು ಕೇಳಬೇಕು. 2016ರಲ್ಲಿ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಎದುರು 89 ಮತಗಳಿಂದ ಗೆದ್ದರು. ಎಂಬತ್ತೊಂಬತ್ತು ಎಂದರೆ ನಮ್ಮ ಮಂಗಫ್‌ನ ಎರಡು ಕಟ್ಟಡಗಳಲ್ಲಿ ಇರುವ ಜನ. ಸತ್ತವರ ಮತ್ತು ವಿದೇಶದಲ್ಲಿರುವವರ ಹೆಸರಲ್ಲಿ ಬೇರೆಯವರು ಮತ ಹಾಕಿದ್ದಾರೆ ಎಂದು ಸೋತವರು ಕೇರಳ ಹೈಕೋರ್ಟಿಗೆ ಹೋದರು. ರಝಾಕ್ 2018ರಲ್ಲಿ ತೀರಿಕೊಂಡರು, 2019ರಲ್ಲಿ ಅರ್ಜಿಯನ್ನು ಹಿಂತೆಗೆದುಕೊಳ್ಳಲಾಯಿತು. ದೂರಿನ ಸತ್ಯಾಸತ್ಯ ಏನೇ ಇರಲಿ, ಊರಲ್ಲಿ ಇಲ್ಲದವನ ಹೆಸರು ಒಂದು ಚುನಾವಣೆಯ ಕೇಂದ್ರದಲ್ಲಿ ಬಂದು ನಿಂತದ್ದು ನಾನು ಕಂಡಂತೆ ಅದೇ ಮೊದಲು. ಅದೂ ಅನುಮಾನದ ರೂಪದಲ್ಲಿ.

ಇನ್ನು ಕ್ಷೇತ್ರ ಮುಗಿದ ಬಗೆ. ವಿಟ್ಲ ರೂಪುಗೊಂಡದ್ದು 1971ರ ಜನಗಣತಿಯ ಆಧಾರದಲ್ಲಿ, ಇಲ್ಲವಾದದ್ದು 2001ರ ಜನಗಣತಿಯ ಆಧಾರದಲ್ಲಿ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ರಾಜ್ಯದ 224 ಸ್ಥಾನಗಳ ಸಂಖ್ಯೆಯನ್ನು ಹಾಗೆಯೇ ಇಟ್ಟು ಒಳಗೆ ಮರುಹಂಚಿಕೆ ಮಾಡಿತು. ಬೆಂಗಳೂರು ನಗರ ಜಿಲ್ಲೆ 28ಕ್ಕೇರಿತು. ಅದಕ್ಕೆ ಸ್ಥಾನ ಬಿಟ್ಟುಕೊಟ್ಟವರು ಯಾರು ಎಂದು ನೋಡಿದರೆ ಕರಾವಳಿ, ಮಲೆನಾಡು ಎದ್ದು ಕಾಣುತ್ತವೆ. ದಕ್ಷಿಣ ಕನ್ನಡ 9ರಿಂದ 8ಕ್ಕೆ ಇಳಿಯಿತು, ವಿಟ್ಲ ಹೋಯಿತು. ಉಡುಪಿ 6ರಿಂದ 5, ಬ್ರಹ್ಮಾವರ ಹೋಯಿತು. ಕೊಡಗು 3ರಿಂದ 2, ಸೋಮವಾರಪೇಟೆ ಹೋಯಿತು. ಚಿಕ್ಕಮಗಳೂರು 6ರಿಂದ 5, ಬೀರೂರು ಹೋಯಿತು. ಹೆಚ್ಚು ಓದಿದ, ಮಕ್ಕಳ ಸಂಖ್ಯೆ ಮಿತಿಯಲ್ಲಿಟ್ಟ, ದುಡಿಯುವ ವಯಸ್ಸಿನವರನ್ನು ಮುಂಬಯಿಗೋ ಬೆಂಗಳೂರಿಗೋ ಕೊಲ್ಲಿಗೋ ಕಳುಹಿಸಿದ ಜಿಲ್ಲೆಗಳಿವು. ಕುಟುಂಬ ಯೋಜನೆಯ ಪಾಠ ಹೇಳಿದ ವೈದ್ಯರ ಪೀಳಿಗೆಗೆ ಸೇರಿದವನಾಗಿ ನನಗೆ ಇದರಲ್ಲಿ ಒಂದು ಕಹಿ ಇದೆ. ಜನಗಣತಿಯವರು ವಿದೇಶದಲ್ಲಿರುವವರನ್ನು ಎಣಿಸುವುದಿಲ್ಲ. ಮತದಾರರ ಪಟ್ಟಿಯಲ್ಲಿ ಇಲ್ಲದ ನಾವು ಸ್ಥಾನ ಹಂಚಿಕೆಯ ಲೆಕ್ಕದಲ್ಲಿಯೂ ಇರಲಿಲ್ಲ. ದಕ್ಷಿಣದ ರಾಜ್ಯಗಳೆಲ್ಲ ಲೋಕಸಭಾ ಸ್ಥಾನಗಳ ವಿಚಾರದಲ್ಲಿ ಈಗ ಯಾವುದಕ್ಕೆ ಹೆದರುತ್ತಿವೆಯೋ ಅದು ರಾಜ್ಯದೊಳಗೆ ನಮ್ಮ ಜಿಲ್ಲೆಗಳಿಗೆ 2008ರಲ್ಲಿಯೇ ಆಗಿಹೋಗಿದೆ.

ಕಾಕತಾಳೀಯವೆಂಬಂತೆ ಅದೇ 2008ರ ಮೇ ತಿಂಗಳಲ್ಲಿ ಕುವೈತಿನಲ್ಲಿಯೂ ಹೊಸ ಗಡಿಗಳ ಮೇಲೆ ಮೊದಲ ಚುನಾವಣೆ ನಡೆಯಿತು. ಇಲ್ಲಿ 25 ಕ್ಷೇತ್ರಗಳನ್ನು 5ಕ್ಕೆ ಇಳಿಸಿದ್ದರು. ನಾವಿರುವ ಮಂಗಫ್ ಐದನೆಯದಕ್ಕೆ ಸೇರಿತು. ಕ್ಷೇತ್ರ ಚಿಕ್ಕದಿದ್ದಷ್ಟೂ ಮತ ಕೊಳ್ಳುವುದು ಸುಲಭ ಎಂಬುದು ಬದಲಾವಣೆ ಬೇಕೆಂದವರ ವಾದವಾಗಿತ್ತು. ಯಾಕೆ ಬದಲಿಸಬೇಕು ಎಂಬ ಬಗ್ಗೆ ಇಲ್ಲಿಯ ಜನ ಬೀದಿಯಲ್ಲಿ ನಿಂತು ಚರ್ಚಿಸಿದ್ದರು. ವಿಟ್ಲ ಹೋಗುವಾಗ ಅಷ್ಟು ಚರ್ಚೆಯಾದದ್ದು ನನ್ನ ಕಿವಿಗೆ ಬೀಳಲಿಲ್ಲ.

ಹೋದ ಕ್ಷೇತ್ರವನ್ನು ಹಂಚಿದರು. ವಿಟ್ಲ ಪೇಟೆ, ಪುಣಚ, ಕೇಪು, ಅಳಿಕೆ ಪುತ್ತೂರು ಕ್ಷೇತ್ರಕ್ಕೆ. ಕನ್ಯಾನ, ಕರೋಪಾಡಿ ಬಂಟ್ವಾಳ ಕ್ಷೇತ್ರಕ್ಕೆ. ಕಂದಾಯದ ಲೆಕ್ಕದಲ್ಲಿ ವಿಟ್ಲ ಈಗಲೂ ಬಂಟ್ವಾಳ ತಾಲೂಕು. ಹಾಗಾಗಿ ಪೇಟೆಯವನು ಜಾಗದ ಕಾಗದಕ್ಕೆ ಬಂಟ್ವಾಳಕ್ಕೆ, ಶಾಸಕರನ್ನು ಕಾಣಲು ಪುತ್ತೂರಿಗೆ ಹೋಗುತ್ತಾನೆ. 2008ರಲ್ಲಿ ಪುತ್ತೂರಿನಲ್ಲಿ ಬಿಜೆಪಿ ಗೆದ್ದಿತು, ಬಂಟ್ವಾಳದಲ್ಲಿ ಕಾಂಗ್ರೆಸ್. 2013ರಲ್ಲಿ ಎರಡೂ ಕಡೆ ಕಾಂಗ್ರೆಸ್, 2018ರಲ್ಲಿ ಎರಡೂ ಕಡೆ ಬಿಜೆಪಿ. 2023ರಲ್ಲಿ ಪುತ್ತೂರಿನಲ್ಲಿ ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ, ಬಂಟ್ವಾಳದಲ್ಲಿ ಬಿಜೆಪಿಯ ರಾಜೇಶ್ ನಾಯ್ಕ್. ಕನ್ಯಾನದವನೂ ಪುಣಚದವನೂ ಸಂತೆಗೆ ಬರುವುದು ವಿಟ್ಲಕ್ಕೇ, ಆದರೆ ಅವರ ಮತಗಳನ್ನು ಎಣಿಸುವುದು ಬೇರೆ ಬೇರೆ ಕೋಣೆಗಳಲ್ಲಿ. ಮುಂದಿನ ಸಲ ಪುತ್ತೂರಿನ ಕ್ಷೇತ್ರ ಪರಿಚಯ ಬರೆಯುವವರು ಗೆದ್ದವರ ಪಟ್ಟಿಯಲ್ಲಿ 1978ರ ಕಕ್ಕಿಲ್ಲಾಯರನ್ನು ಸೇರಿಸುವುದಿಲ್ಲ, ಬಂಟ್ವಾಳದ ಬಗ್ಗೆ ಬರೆಯುವವರೂ ಸೇರಿಸುವುದಿಲ್ಲ. ಆ ವರ್ಷ ಅವರಿಗೆ ಮತ ಹಾಕಿ ಜಮೀನು ಪಡೆದವರ ಮೊಮ್ಮಕ್ಕಳು ಎರಡೂ ಕ್ಷೇತ್ರಗಳ ಪಟ್ಟಿಯಲ್ಲಿ ಇದ್ದಾರೆ, ಕೆಲವರು ಇಲ್ಲಿ, ನಮ್ಮ ನಡುವೆ.